ಗಜಾಯದ ಟ್ರೇಲರ್

ಹುಲಿಯಮ್ಮನ ಎಡಗೈ ಬೆರಳುಗಳಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿರುತ್ತಿತ್ತು. ಸುತ್ತಿಗೆ ಜಾರಿದರೆ ಬೆರಳೇ ಜಲ್ಲಿಯಾಗಬಾರದಲ್ಲ, ಅದಕ್ಕೆ. ಮಾರನಹಳ್ಳಿಯ ಮೇಲಿನ ಗುಡ್ಡದಲ್ಲಿ, ಪರಮಶಿವಯ್ಯನವರ ಎಸ್ಟೇಟಿನ ಅಂಚಿನ ಬಂಡೆಯ ಬುಡದಲ್ಲಿ, ಅವಳೂ ಕೂಲಿಯವರ ಲೈನಿನ ಸಾಲುಮನೆಗಳ ಮಿಕ್ಕ ಆಳುಗಳೂ ಹೊತ್ತು ಮುಳುಗುವ ತನಕ ಕಲ್ಲು ಕುಟ್ಟುತ್ತಿದ್ದರು. ಘಟ್ಟದಲ್ಲಿ ರೈಲು ದಾರಿಯ ಕೆಲಸ ಶುರುವಾಗಿತ್ತು. ಜಲ್ಲಿ ಒದಗಿಸುವ ಕಂಟ್ರಾಕ್ಟು ಪರಮಶಿವಯ್ಯನವರದು. ದೇಶದ ಏಳಿಗೆಗಾಗಿ ಅವರು ಬಂಡೆ ಕೊಟ್ಟರು, ಲೈನಿನವರು ರಟ್ಟೆ ಕೊಟ್ಟರು. ದುಡ್ಡನ್ನು ಮಾತ್ರ ಪಾಪ, ಅವರೊಬ್ಬರೇ ತೆಗೆದುಕೊಳ್ಳಬೇಕಾಗಿ ಬಂತು.

ಕೂಲಿಯ ಕಟ್ಟಳೆ ಇಷ್ಟೇ: ಟ್ರೇಲರ್ ತುಂಬಿದ ಸಂಜೆ ಲೈನಿನ ಪಕ್ಕದ ಎಸ್ಟೇಟ್ ಸ್ಟೋರಿನಲ್ಲಿ ಎಲ್ಲರಿಗೂ ಪಡಿ ಅಕ್ಕಿ. ತುಂಬದಿದ್ದರೆ ಇಲ್ಲ. ಆಗ ಇದ್ದದ್ದು ಚಿಕ್ಕ ಟ್ರೇಲರ್, ಸಂಜೆಯೊಳಗೆ ತುಂಬುತ್ತಿತ್ತು. ಹುಲಿಯಮ್ಮ ಸೆರಗಿನಲ್ಲಿ ಅಕ್ಕಿ ಕಟ್ಟಿಕೊಂಡು ಹೋಗುವಷ್ಟರಲ್ಲಿ ಅತ್ತೆ ಎಸರಿಟ್ಟಿರುತ್ತಿದ್ದಳು, ಮಕ್ಕಳು ಒಲೆ ಮುಂದೆ ಕೂತಿರುತ್ತಿದ್ದವು.

ಒಂದು ದಿನ ಆ ಚಿಕ್ಕ ಟ್ರೇಲರಿನ ಅಚ್ಚು ಮುರಿಯಿತು. ಹೊಸದು ಮಾಡಿಸಬೇಕು. ಎಷ್ಟು ದೊಡ್ಡದು?

ಟ್ರ್ಯಾಕ್ಟರ್ ಓಡಿಸುವ ಗಯಾಜ್ ತಾನಾಗಿಯೇ ಹೇಳಿದ: "ಹಳೇ ಅಳತೇನೇ ಸಾಕು ಸಾವ್ಕಾರ್ರೇ. ಜಲ್ಲಿ ಭಾರ ಜಾಸ್ತಿ. ದೊಡ್ಡದಾದ್ರೆ ಇಳಿಜಾರಲ್ಲಿ ಟ್ರ್ಯಾಕ್ಟರ್‌ನೇ ತಳ್ಕಂಡು ಹೋಗ್ಬುಡ್ತೈತೆ."

"ನೀನು ಓಡ್ಸೋನು, ಓಡ್ಸು. ಅಳತೆ ಹೇಳೋಕೆ ಬೇರೆಯೋರು ಅವ್ರೆ," ಎಂದರು ಪರಮಶಿವಯ್ಯ.

ಆ ಬೇರೆಯವರೆಂದರೆ ಆಯ ನೋಡುವ ಮಹಾದೇವಯ್ಯ. ಆ ಸೀಮೆಯಲ್ಲಿ ಆಯ ನೋಡಿಸದೆ ಯಾರೂ ಮನೆ ಕಟ್ಟುತ್ತಿರಲಿಲ್ಲ. ಉದ್ದ ಅಗಲಗಳು ಯಜಮಾನನ ನಕ್ಷತ್ರಕ್ಕೆ ಕೂಡಿಬರಬೇಕು. ಮನೆಗಿರುವ ಆಯ ಟ್ರೇಲರಿಗೇಕೆ ಬೇಡ ಎಂದು ಪರಮಶಿವಯ್ಯನವರಿಗೆ ಹೊಳೆದಿತ್ತು. ಮಹಾದೇವಯ್ಯ ಹಳೇ ಟ್ರೇಲರಿಗೆ ಕೋಲು ಹಿಡಿದು ಅಳೆದರು, ಬೆರಳು ಮಡಿಸಿ ಲೆಕ್ಕ ಹಾಕಿದರು, ಮುಖ ಹುಳ್ಳಗೆ ಮಾಡಿದರು.

"ಶ್ವಾನಾಯ! ನಾಯಿ ಆಯದಲ್ಲಿ ಹೇರಿದ್ದು ನಿಮ್ಮ ಕೈಲಿ ನಿಂತದ್ದೇ ಪುಣ್ಯ."

"ಏನು ಮಾಡಣ ಅಯ್ಯನೋರೆ?"

"ಗಜಾಯ ಮಾಡ್ಸಿ. ಆನೆ ಬಂದು ಬಾಗ್ಲಲ್ಲಿ ನಿಂತಂಗೆ. ಆದ್ರೆ ಒಂದು ಮಾತು, ಅದು ಅರೆಹೊಟ್ಟೇಲಿ ಹೊರಡಬಾರದು. ತುಂಬಿದ ಮೇಲೇ ಚಕ್ರ ಉರುಳಬೇಕು."

ಆ ಎಸ್ಟೇಟಿನಲ್ಲಿ ಹೊಟ್ಟೆಯ ವಿಚಾರವನ್ನು ಯಾರಾದರೂ ಅಷ್ಟು ಕಾಳಜಿಯಿಂದ ಮಾತಾಡಿದ್ದು ಅದೇ ಮೊದಲು.

ಹಾಸನದಲ್ಲಿ ಮಾಡಿಸಿದ ಹೊಸ ಟ್ರೇಲರ್ ಬಂತು. ಅದರೊಳಗೆ ಸಣ್ಣ ಮದುವೆಯನ್ನೇ ಮಾಡಬಹುದಿತ್ತು. ವಿಭೂತಿ ಬಳಿದು, ಚಕ್ರದಡಿ ನಿಂಬೆಹಣ್ಣು ಇಟ್ಟು, ಜಯವಾಗಲಿ ಎಂದು ಹೊರಡಿಸಿದರೆ ಮೊದಲ ತಿರುವಿನಲ್ಲೇ ಅದು ಸಿಕ್ಕಿಕೊಂಡಿತು. ಆಯ ತಪ್ಪಾಗಲು ಸಾಧ್ಯವಿಲ್ಲವಾದ್ದರಿಂದ ರಸ್ತೆಯೇ ತಪ್ಪೆಂದು ತೀರ್ಮಾನವಾಯಿತು. ಲೈನಿನವರು ಬಿಟ್ಟಿಯಾಗಿ ರಸ್ತೆ ಬದಿಯ ಮಣ್ಣಿನ ದರೆ ಕಡಿದು ತಿರುವನ್ನು ಅಗಲ ಮಾಡಿದರು.

ಅಳತೆ ಬದಲಾಯಿತು, ಕಟ್ಟಳೆ ಬದಲಾಗಲಿಲ್ಲ. ಮೊದಲ ಸಂಜೆ ಟ್ರೇಲರ್ ಅರ್ಧ ತುಂಬಿತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದು ಇಣುಕಿ, "ತುಂಬಿಲ್ಲ," ಎಂದು ಹೇಳಿ ಹೊರಟೇಹೋದ. ಅಂದು ಹುಲಿಯಮ್ಮನ ಮಕ್ಕಳು ಹಲಸಿನ ಬೀಜ ಸುಟ್ಟುಕೊಂಡು ತಿಂದವು. ಅತ್ತೆ ಇಟ್ಟ ಎಸರು ಸುಮ್ಮನೆ ಕುದಿಯುತ್ತಿತ್ತು. ಕಿರಿಯವಳು ಮಡಕೆಯೊಳಗೆ ಬಗ್ಗಿ ನೋಡಿ, "ಅವ್ವಾ, ಅಕ್ಕಿ ಹಾಕೋದು ಮರ್ತ್ಯಾ?" ಎಂದಳು.

ಮಾರನೆಯ ದಿನ ತಲೆ ಎತ್ತದೆ ಕುಟ್ಟಿದರು. ಹೊತ್ತು ಇಳಿದಾಗ ಇನ್ನೂ ಮೇಲೆ ಒಂದು ಮೊಳ ಖಾಲಿ. ಕೆಳಗೆ ರಸ್ತೆಯಲ್ಲಿ ರೈಲು ದಾರಿಯ ಎಂಜಿನಿಯರು ಜಲ್ಲಿಗೆ ಕಾದು ಕೂತಿದ್ದಾರೆಂದು ಸುದ್ದಿ ಬಂದು, ಪರಮಶಿವಯ್ಯನವರು ಮಹಾದೇವಯ್ಯನವರನ್ನೂ ಕರೆದುಕೊಂಡು ಏದುಸಿರು ಬಿಡುತ್ತ ಗುಡ್ಡ ಹತ್ತಿದರು.

"ಎರಡು ದಿನದಿಂದ ಏನು ಮಲ್ಗಿದ್ರಾ?"

ಹುಲಿಯಮ್ಮ ಎದ್ದು ನಿಂತಳು. "ಬುದ್ಧಿ, ದೊಡ್ಡ ಟ್ರೇಲರ್ ಮಾಡ್ಸಿದ್ರಿ, ಒಳ್ಳೇದು. ಪಡಿ ಅಳೆಯೋ ಸೇರೂ ದೊಡ್ಡದು ಮಾಡ್ಸಿ."

"ಸೇರಿಗೂ ಇದಕ್ಕೂ ಏನಮ್ಮಿ ಸಂಬಂಧ? ಇದು ನನ್ನ ನಕ್ಷತ್ರಕ್ಕೆ ಕೂಡಿಬಂದಿರೋ ಆಯ!"

"ನಮ್ಗೂ ನಕ್ಷತ್ರ ಅವೆ ಬುದ್ಧಿ. ಯಾರೂ ಕೇಳ್ನಿಲ್ಲ, ಅಷ್ಟೇಯ."

ಅವಳ ಪಕ್ಕದಲ್ಲಿದ್ದ ಗಂಗಾಮಣಿ ಕಿಸಕ್ಕನೆ ನಕ್ಕಳು. ಅವಳ ಹಿಂದೆ ಇನ್ನೂ ಕೆಲವರು ನಕ್ಕರು. ಪರಮಶಿವಯ್ಯನವರ ಮೂಗು ಕೆಂಪಾಯಿತು. "ಬಾಯಿ ಜಾಸ್ತಿ ಆಯ್ತು ನಿಂದು. ತುಂಬದೆ ಗಾಡಿ ಹೊರಡಲ್ಲ. ತುಂಬದೆ ಪಡೀನೂ ಇಲ್ಲ. ಮುಗೀತು."

ಹುಲಿಯಮ್ಮ ಒಂದು ಗಳಿಗೆ ಟ್ರೇಲರನ್ನೇ ನೋಡಿದಳು. ಆಮೇಲೆ ಸುತ್ತಿಗೆ ಹಿಡಿದುಕೊಂಡೇ ಚಕ್ರದ ಮೇಲೆ ಕಾಲಿಟ್ಟು ಹತ್ತಿ, ಒಳಗೆ ಜಲ್ಲಿಯ ಮೇಲೆ ಕಾಲು ಮಡಿಸಿ ಕೂತಳು.

"ಬಾರೇ ಗಂಗಾಮಣಿ. ಎಲ್ಲಾ ಬನ್ರೋ."

ಮೊದಲು ಯಾರೂ ಅಲುಗಲಿಲ್ಲ. ಗಂಗಾಮಣಿ ಹತ್ತಿದಳು. ಆಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಬಂಡೆಯ ಬುಡದಲ್ಲಿದ್ದವರೆಲ್ಲ ಹತ್ತಿದರು. ಮೊಣಕಾಲಿಗೆ ಮೊಣಕಾಲು ತಾಗಿಸಿ ಒತ್ತೊತ್ತಾಗಿ ಕೂತರು. ಕಡ್ಡಿ ಹಾಕಲೂ ಜಾಗ ಉಳಿಯಲಿಲ್ಲ.

"ಇದೇನ್ರೋ ಇದು! ಇಳೀರಿ ಕೆಳಕ್ಕೆ!"

"ತುಂಬೈತೆ ನೋಡಿ ಬುದ್ಧಿ," ಎಂದಳು ಹುಲಿಯಮ್ಮ. "ನೀವೇ ಹೇಳಿ ಅಯ್ಯನೋರೆ, ಎಲ್ಲಾದ್ರೂ ಅರೆಹೊಟ್ಟೆ ಕಾಣ್ತೈತಾ?"

ಮಹಾದೇವಯ್ಯ ಇಣುಕಿ ನೋಡಿದರು. ಟ್ರೇಲರಿನ ಹೊಟ್ಟೆಯೇನೋ ತುಂಬಿತ್ತು, ಅದನ್ನು ತುಂಬಿದವರದ್ದನ್ನು ಅವರ ಶಾಸ್ತ್ರ ಅಳೆಯುತ್ತಿರಲಿಲ್ಲ. ಮತ್ತೆ ಬೆರಳು ಮಡಿಸತೊಡಗಿದರು.

ಗಯಾಜ್ ಸೇದುತ್ತಿದ್ದ ಬೀಡಿ ಎಸೆದು ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದ. "ಎಲ್ಲಿಗೆ ಬಿಡ್ಲಿ ಸಾವ್ಕಾರ್ರೇ?"

"ಅವ್ರನ್ನೇನು ಕೇಳ್ತೀಯ ಗಯಾಜಣ್ಣ?" ಹಿಂದಿನಿಂದ ಹುಲಿಯಮ್ಮ ಕೂಗಿದಳು. "ಸ್ಟೋರ್‌ಗೆ ಬಿಡು."

ಗಯಾಜ್ ಗೇರ್ ಹಾಕಿದ. ಗಜಾಯದ ಟ್ರೇಲರ್ ಒಮ್ಮೆ ಜಗ್ಗಿ, ಲೈನಿನ ಕಡೆಯ ದಾರಿ ಹಿಡಿಯಿತು. ಪರಮಶಿವಯ್ಯನವರು ಪಂಚೆ ಎತ್ತಿ ಕಟ್ಟಿ, "ನಿಲ್ಸೋ, ನಿಲ್ಸೋ!" ಎಂದು ಕೂಗುತ್ತ ಹಿಂದೆ ಓಡಿದರು. ಸೊಂಟದಲ್ಲಿ ಸ್ಟೋರಿನ ಬೀಗದ ಕೈ ಝಣಝಣ ಎನ್ನುತ್ತಿತ್ತು.

"ಬಿರ್ರನೆ ಬನ್ನಿ ಬುದ್ಧಿ," ಎಂದಳು ಹುಲಿಯಮ್ಮ. "ಬೀಗದ ಕೈ ನಿಮ್ಮತ್ರ ಐತೆ. ನೀವು ಬರೋದು ತಡ ಆದ್ರೆ, ಸುತ್ತಿಗೆ ನಮ್ಮತ್ರ ಐತೆ."