ಚಮಚ ಹಾಕಿದರೆ ಓಡುತ್ತಿದ್ದ ಕಾರು

ಬೆಡ್‌ಶೀಟ್ ಮಡಿಸಲು ಇಬ್ಬರು ಬೇಕು. ಒಂದು ಅಂಚು ನನ್ನ ಕೈಯಲ್ಲಿ, ಇನ್ನೊಂದು ಅಂಚು ನಮ್ಮ ಯಜಮಾನರ ಕೈಯಲ್ಲಿ. ನಮ್ಮದು ಸಣ್ಣ ಲಾಂಡ್ರಿ. ಲಾಡ್ಜುಗಳ ಬೆಡ್‌ಶೀಟು, ದಿಂಬಿನ ಕವರು, ಟವೆಲ್ಲುಗಳನ್ನು ಒಗೆದು, ಇಸ್ತ್ರಿ ಮಾಡಿ, ಬೆಳಗ್ಗೆ ಕಾರಿಗೆ ತುಂಬಿ ತಲುಪಿಸುತ್ತೇವೆ. ಆ ದಿನವೂ ಹಾಗೇ ಶೀಟಿನ ಎರಡು ತುದಿ ಹಿಡಿದು ಎಳೆಯುತ್ತಿದ್ದಾಗ ಹೊರಗೆ ನಮ್ಮ ಕಾರು ಸ್ಟಾರ್ಟ್ ಆದ ಸದ್ದು ಕೇಳಿಸಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಓಡಿಸುವವರಿಬ್ಬರೂ ಇಲ್ಲೇ ಇದ್ದೇವೆ. ಹಾಗಾದರೆ ಹೊರಟವರು ಯಾರು?

ಬಾಗಿಲಿಗೆ ಬರುವಷ್ಟರಲ್ಲಿ ಕಾರು ಬೀದಿಯ ತಿರುವು ದಾಟುತ್ತಿತ್ತು. ಹಿಂದಿನ ಗಾಜಿನಲ್ಲಿ ಬಿಳಿ ಗಂಟುಗಳು ಕಾಣುತ್ತಿದ್ದವು. ಅಯ್ಯೋ, ಲಾಡ್ಜಿನ ಬಟ್ಟೆಯೆಲ್ಲ ಹೋಯಿತು ಅಂದುಕೊಂಡೆ. ಮರುಕ್ಷಣವೇ ಒಳಗೆ ತಿರುಗಿ ನೋಡಿದೆ. ಗುಬ್ಬಿ ಎಲ್ಲಿ?

ಗುಬ್ಬಿ ನಮ್ಮ ಮಗಳು. ಈಗಷ್ಟೇ ಹಾಲುಹಲ್ಲು ಬೀಳುತ್ತಿರುವ ವಯಸ್ಸು. ಇಸ್ತ್ರಿಯ ಬಿಸಿ ಆರದ ಗಂಟುಗಳ ಮೇಲೆ ಮಲಗುವುದೆಂದರೆ ಅವಳಿಗೆ ಪ್ರಾಣ. ಬೆಳಗ್ಗೆ ನಾವು ಕಾರಿಗೆ ಬಟ್ಟೆ ತುಂಬುತ್ತಿದ್ದಂತೆ ಹಿಂದಿನ ಸೀಟಿಗೆ ನುಸುಳಿ, ಒಂದು ಟವೆಲ್ಲು ಎಳೆದುಕೊಂಡು ಮುದುಡಿಕೊಳ್ಳುತ್ತಾಳೆ. ಆ ಬೆಳಗ್ಗೆಯೂ ಅಲ್ಲೇ ಮಲಗಿದ್ದಳು.

ನಮ್ಮವರು ಒಂದೇ ಚಪ್ಪಲಿಯಲ್ಲಿ ಓಡಿದರು. ನಾನು ಬೆಡ್‌ಶೀಟನ್ನು ನೆಲದ ಮೇಲೆ ಎಳೆದುಕೊಂಡೇ ಓಡಿದೆ. ಕೈಯಲ್ಲಿ ಅದಿದೆ ಎಂಬ ಎಚ್ಚರವೂ ನನಗಿರಲಿಲ್ಲ.

ಯಾರು ಬೇಕಾದರೂ ಆ ಕಾರನ್ನು ಹೊರಡಿಸಬಹುದಿತ್ತು, ಅದು ನಮ್ಮ ಬೀದಿಗೆಲ್ಲ ಗೊತ್ತು. ಕೀ ಹಾಕುವ ಸ್ವಿಚ್ಚು ಸವೆದು ಸವೆದು ಯಾವ ಮಟ್ಟಕ್ಕೆ ಬಂದಿತ್ತೆಂದರೆ, ಒಮ್ಮೆ ಕೀ ಮರೆತುಹೋದಾಗ ನಮ್ಮವರು ಟೀ ಚಮಚದ ಹಿಡಿ ತುರುಕಿ ತಿರುಗಿಸಿದರು, ಕಾರು ಗುರ್ ಎಂದಿತು. ಅಂದಿನಿಂದ ಚಮಚ ಕಾರಿನಲ್ಲೇ ಉಳಿಯಿತು. ರಿಪೇರಿ ಮಾಡಿಸುವುದು ಬಿಟ್ಟು, ಬಂದವರಿಗೆಲ್ಲ ಅದೊಂದು ಜಾದೂ ಎನ್ನುವಂತೆ ತೋರಿಸಿದರು. ಅಂಚೆಯವರಿಗೆ, ಗ್ಯಾಸ್ ತರುವವರಿಗೆ, ಲಾಡ್ಜಿನ ಮ್ಯಾನೇಜರಿಗೆ. ಎಲ್ಲರೂ ನಕ್ಕರು. ಸುಳ್ಳೇಕೆ, ನಾನೂ ನಕ್ಕಿದ್ದೆ.

ನಾವು ತಿರುವು ದಾಟಿ, ದಾರಿಯುದ್ದಕ್ಕೂ ಹುಡುಕಿ ಅಲೆಯುತ್ತಿದ್ದಾಗ ಕಾರು ಎದುರಿಗೇ ವಾಪಸು ಬಂತು. ಸ್ಟಿಯರಿಂಗ್ ಹಿಡಿದು ಕೂತಿದ್ದವರು ಪಕ್ಕದ ಬೇಕರಿಯ ಬನ್ ತಾತ. ಹಿಂದೆ ಗುಬ್ಬಿ, ಕೈಯಲ್ಲಿ ತಾತ ಕೊಟ್ಟ ಬನ್ನು, ಮೂಗಿನ ತುದಿಯಲ್ಲಿ ಮೈದಾಹಿಟ್ಟು.

ತಾತ ಇಳಿದವರೇ ಕೈಮುಗಿದರು. ಬೇಕರಿಯಲ್ಲಿ ಮೈದಾ ಮುಗಿದಿತ್ತಂತೆ, ಅವರ ಸ್ಕೂಟರ್ ಮುನಿಸಿಕೊಂಡಿತ್ತಂತೆ. ಕೆಲಸದಲ್ಲಿರುವ ನಮಗೆ ಯಾಕೆ ತೊಂದರೆ ಎಂದು ಚಮಚ ಕೈಗೆ ಸಿಗದೆ ತಮ್ಮ ಬೆಣ್ಣೆ ಹಚ್ಚುವ ಚಾಕುವನ್ನೇ ಸ್ವಿಚ್ಚಿಗೆ ಹಾಕಿ ತಿರುಗಿಸಿದರಂತೆ. ಹಿಂದೆ ಮಗು ಇರುವುದು ಅವರಿಗೆ ಗೊತ್ತೇ ಇರಲಿಲ್ಲ.

"ಹಿಟ್ಟಿನ ಮೂಟೆ ಒಳಗಿಟ್ಟೆ ತಾಯಿ, ಪಕ್ಕದಲ್ಲಿದ್ದ ಬಟ್ಟೆ ಗಂಟು ಸೀನ್ತು," ಎಂದರು ತಾತ. "ಇನ್ನೊಂದು ಸಲ ಸೀನಿದ್ರೆ ನನ್ನ ಕಥೆ ಅಲ್ಲೇ ಮುಗೀತಿತ್ತು."

ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಮಗಳನ್ನು ಅಪ್ಪಿಕೊಂಡವಳು ಬಿಡಲೇ ಇಲ್ಲ. ಕೊನೆಗೆ ಅವಳೇ ಮೆಲ್ಲಗೆ, "ಅಮ್ಮ, ಬನ್ನು ಅಪ್ಪಚ್ಚಿ ಆಗ್ತಿದೆ," ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ ಏನೋ ಕೇಳಲು ಬಾಯಿ ತೆರೆದಳು. ಅಪ್ಪ ಆಗಲೇ ತಾತನ ಚಾಕು ಹಾಕಿ ಕಾರು ಸ್ಟಾರ್ಟ್ ಆಗುವುದನ್ನು ಪರೀಕ್ಷಿಸುತ್ತಿದ್ದರು. ಅವಳು ಬಾಯಿ ಮುಚ್ಚಿಕೊಂಡಳು.

ನಾನು ನನ್ನ ತಮ್ಮನಿಗೆ ಫೋನ್ ಮಾಡಿದೆ. ಅವನು ಗಾಡಿಗಳ ಎಲೆಕ್ಟ್ರಿಷಿಯನ್. ಮಧ್ಯಾಹ್ನ ಬಂದವನು ಊಟಕ್ಕೂ ಕೂರದೆ ಮೊದಲು ಕಾರಿನೊಳಗೆ ಕೂತ. ಗುಬ್ಬಿಗೆ, ಚಪ್ಪಟೆಯಾಗಿರುವ ಏನಾದರೂ ತಗೊಂಡು ಬಾ ಎಂದ. ಅವಳು ತನ್ನ ಹಲ್ಲುಜ್ಜುವ ಬ್ರಶ್ ತಂದಳು. ಅದರ ಹಿಡಿಗೂ ಕಾರು ಹೊರಟಿತು.

"ನೋಡಿದ್ಯಾ," ಎಂದರು ನಮ್ಮವರು. "ನಮ್ಮ ಕಾರಿಗೆ ಯಾರ ಮೇಲೂ ದ್ವೇಷ ಇಲ್ಲ."

"ದ್ವೇಷ ಬೇಡ ಭಾವ. ಮನೆಯವರ ಗುರುತಾದ್ರೂ ಬೇಡ್ವಾ?"

ತಮ್ಮ ಈಗ ಅಸಲಿ ಕೀ ಹಾಕಿ ಸ್ಟಾರ್ಟ್ ಮಾಡಿದ. ಎಂಜಿನ್ ಓಡುತ್ತಿರುವಾಗಲೇ ಕೀಯನ್ನು ಎಳೆದು ನಮ್ಮೆದುರು ಹಿಡಿದ. ಹೀಗೆ ಕೀ ಈಚೆಗೆ ಬರಲೇಬಾರದಂತೆ. ಸ್ವಿಚ್ಚಿನ ಒಳಗೆ ಸರಿಯಾದ ಕೀಯನ್ನಷ್ಟೇ ಒಪ್ಪುವ ಸಣ್ಣ ಹಲ್ಲುಗಳಿರುತ್ತವೆ, ನಮ್ಮದರಲ್ಲಿ ಅವು ಸವೆದು ನುಣ್ಣಗಾಗಿದ್ದವು. ವಿದ್ಯುತ್ ಹರಿಸುವ ಭಾಗವೂ ಸಡಿಲ. ನಡುರಸ್ತೆಯಲ್ಲಿ ಎಂಜಿನ್ ಆರಿಹೋದರೆ ಸ್ಟಿಯರಿಂಗ್ ಬಿಗಿಯಾಗುತ್ತದೆ, ಬ್ರೇಕ್ ಒತ್ತುವುದೂ ಕಷ್ಟ. ಇಷ್ಟು ಸವೆಯಲು ಕಾರಣವನ್ನೂ ಅವನೇ ತೋರಿಸಿದ. ಆ ಕೀ ಗೊಂಚಲಿನಲ್ಲಿ ಲಾಂಡ್ರಿಯ ಬಾಗಿಲು, ಬೀರು, ನೀರಿನ ಮೋಟರ್ ಕೋಣೆಯ ಕೀಗಳ ಜೊತೆಗೆ ಒಂದು ಹಿತ್ತಾಳೆ ಆನೆಯೂ ನೇತಾಡುತ್ತಿತ್ತು.

"ಇದು ಕೀ ಗೊಂಚಲೋ, ತೂಕದ ಕಲ್ಲೋ ಭಾವ?"

ಪರಿಹಾರವನ್ನು ಅವನು ಬಿಡಿಸಿ ಹೇಳಿದ. ಸವೆದ ಸ್ವಿಚ್ಚು ತೆಗೆದು ಹೊಸದು ಹಾಕಬೇಕು. ಜೊತೆಗೆ ಕಳ್ಳತನ ತಡೆಯುವ ಸಾಧನ ಕೂರಿಸಬೇಕು. ಅದರಲ್ಲಿ ಕೀಯೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಆ ಚಿಪ್ಪನ್ನು ಕಾರು ಗುರುತಿಸಿದರೆ ಮಾತ್ರ ಎಂಜಿನ್ ಓಡುತ್ತದೆ. ಚಮಚ, ಚಾಕು, ನಕಲಿ ಕೀ ಏನು ತಿರುಗಿಸಿದರೂ ಜಗ್ಗುವುದಿಲ್ಲ. ಬಾಗಿಲು ಬಲವಂತವಾಗಿ ತೆಗೆದರೆ ಸೈರನ್ ಬೇರೆ.

ನಮ್ಮವರ ಸಂಶಯಗಳು ಒಂದೊಂದಾಗಿ ಬಂದವು. ಈ ಹಳೇ ಡಬ್ಬಾವನ್ನು ಯಾರು ಕದಿಯುತ್ತಾರೆ ಎಂದರು. ಸುಲಭವಾಗಿ ಸಿಗುವುದನ್ನೇ ಕಳ್ಳ ಮೊದಲು ನೋಡುವುದು ಎಂದ ತಮ್ಮ. ಕಾರು ಹೋದರೆ ನಾಳೆ ಬೆಡ್‌ಶೀಟುಗಳನ್ನು ತಲೆ ಮೇಲೆ ಹೊರುತ್ತೀರಾ ಎಂದೂ ಕೇಳಿದ. ಚಿಪ್ಪಿನ ಬ್ಯಾಟರಿ ದಾರಿಯಲ್ಲಿ ಮುಗಿದರೆ ಎಂದು ಇವರು ಕೇಳಿದರು. ಈ ಬಗೆಯ ಚಿಪ್ಪಿಗೆ ಬ್ಯಾಟರಿಯೇ ಬೇಡ, ಎರಡನೇ ಕೀಯೊಂದನ್ನು ಮನೆಯಲ್ಲಿ ಜೋಪಾನವಾಗಿಟ್ಟರೆ ಸಾಕು ಎಂದ ಅವನು.

"ನಮ್ಮ ಬೀದಿಯಲ್ಲಿ ಎಲ್ಲರೂ ನಮ್ಮವರೇ ಕಣೋ."

"ಹೌದು ಭಾವ. ಅವರಿಗೆಲ್ಲ ನೀವು ಆಟ ತೋರಿಸಿದ್ದೀರಿ. ಅವರು ಇನ್ಯಾರ್ಯಾರಿಗೆ ಹೇಳಿದ್ದಾರೋ, ಅವರೂ ನಮ್ಮವರೇನಾ?"

ಆದರೂ ನಮ್ಮವರು, "ನೋಡೋಣ ಬಿಡು," ಎಂದರು. ಅವರು ಹಾಗೆ ಅಂದದ್ದು ಮಧ್ಯಾಹ್ನ. ಸಂಜೆಯೊಳಗೆ ಕಾರು ತಮ್ಮನ ವರ್ಕ್‌ಶಾಪಿನಲ್ಲಿತ್ತು. ನಡುವೆ ನಡೆದದ್ದನ್ನು ಕೊನೆಗೆ ಹೇಳುತ್ತೇನೆ.

ಈಗ ನಮ್ಮ ಕಾರಿಗೆ ಮನೆಯವರ ಗುರುತು ಸಿಗುತ್ತದೆ. ಬನ್ ತಾತ ಚಾಕು ತಂದು ತಿರುಗಿಸಿ ನೋಡಿದರು, ಆಮೇಲೆ ದೋಸೆ ಮಗುಚುವ ಕೈಯನ್ನೂ ತಂದರು. ಕಾರು ಉಸಿರೆತ್ತಲಿಲ್ಲ. ಚಪ್ಪಾಳೆ ತಟ್ಟಿದವರಲ್ಲಿ ನಮ್ಮವರೇ ಮೊದಲು. ಈಗ ಅವರು ಬಂದವರಿಗೆಲ್ಲ ಇದನ್ನು ತೋರಿಸುತ್ತಾರೆ. ಹಿತ್ತಾಳೆ ಆನೆ ಶೋಕೇಸಿಗೆ ಹೋಯಿತು, ಚಮಚ ಸಕ್ಕರೆ ಡಬ್ಬಿಗೆ ಮರಳಿತು. ಗುಬ್ಬಿಗಾಗಿ ಇಸ್ತ್ರಿ ಮೇಜಿನಿಂದ ದೂರ, ಗೋಡೆ ಬದಿಯಲ್ಲಿ ಬೆಚ್ಚಗಿನ ಗಂಟೊಂದನ್ನು ಬಿಡುತ್ತೇನೆ. ಎಂಥ ಬೀಗವಿದ್ದರೂ ಮಗುವನ್ನು ಕಾರಿನಲ್ಲಿ ಒಂಟಿಯಾಗಿ ಬಿಡಬಾರದು, ಆ ಬುದ್ಧಿಯೂ ನಮಗೆ ಅಂದೇ ಬಂತು.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇವತ್ತೇ ನಿಮ್ಮ ಗಾಡಿಯ ಹತ್ತಿರ ಹೋಗಿ. ಗಾಡಿಯನ್ನು ನಿಲ್ಲಿಸಿಟ್ಟು ಎಂಜಿನ್ ಚಾಲೂ ಮಾಡಿ, ಕೀ ಈಚೆಗೆ ಬರುತ್ತದೆಯೇ ನೋಡಿ. ಅಲ್ಲಾಡಿಸಿದರಷ್ಟೇ ತಿರುಗುತ್ತದೆಯೇ, ಬೇರೆ ಕೀ ಹಾಕಿದರೂ ಒಪ್ಪುತ್ತದೆಯೇ ಗಮನಿಸಿ. ಹಾಗಿದ್ದರೆ ತಡಮಾಡದೆ ಕೆಲಸ ಬಲ್ಲವರ ಹತ್ತಿರ ಸ್ವಿಚ್ಚು ಬದಲಿಸಿ, ಕಳ್ಳತನ ತಡೆಯುವ ಸಾಧನ ಹಾಕಿಸಿ. ಕಾರಿನ ಕೀಗೆ ಮನೆಯ ಗೊಂಚಲನ್ನೆಲ್ಲ ನೇತುಹಾಕಬೇಡಿ. ನಿಮ್ಮ ಗಾಡಿಯ ದೌರ್ಬಲ್ಯವನ್ನು ತಮಾಷೆಗೂ ನಾಲ್ಕು ಜನರೆದುರು ಆಡಿ ತೋರಿಸಬೇಡಿ.

ಇಷ್ಟಾದ ಮೇಲೂ "ನೋಡೋಣ ಬಿಡು" ಅನ್ನುವವರೊಬ್ಬರು ನಿಮ್ಮ ಮನೆಯಲ್ಲೂ ಇರಬಹುದು. ನಮ್ಮವರು ಆ ಮಧ್ಯಾಹ್ನ ಹಾಗೆಂದು ಎದ್ದು, ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಬ್ರಶ್ ಹಿಡಿದು ಬಾಗಿಲ ಬಳಿ ನಿಂತಿದ್ದ ಗುಬ್ಬಿ ಅವರ ಅಂಗಿ ಜಗ್ಗಿದಳು. ಬೆಳಗ್ಗೆಯಿಂದ ಬಾಯಿಗೆ ಬಂದು ಬಂದು ಒಳಗೇ ಉಳಿದಿದ್ದ ಮಾತನ್ನು ಆಗ ಕೇಳಿದಳು:

"ಅಪ್ಪ, ಬನ್ ತಾತ ಅಲ್ಲದೆ ಬೇರೆ ಯಾರೋ ಚಾಕು ತಂದಿದ್ರೆ, ನಾನೀಗ ಎಲ್ಲಿರ್ತಿದ್ದೆ?"