ತೊಟ್ಟಿಗೂ ಒಂದು ಹೊಟ್ಟೆ

ಆ ಮನೆಯಲ್ಲಿ ‘ಸ್ವಲ್ಪ’ ಎಂದರೆ ಒಂದು ದೊಡ್ಡ ಸೌಟು, ಅದೂ ಗುಡ್ಡದಂತೆ ತುಂಬಿದ್ದು. ‘ಸಾಕು’ ಎಂದರೆ ಮೇಲಿಂದ ಇನ್ನೊಂದು ಸೌಟು. ಮದುವೆಯಾಗಿ ಬಂದ ಮೊದಲ ದಿನವೇ ಸೊಸೆಗೆ ಇದು ಮನವರಿಕೆಯಾಗಿತ್ತು. ಅಂದಿನಿಂದ ಅವಳು ಬೇಡ ಎನ್ನುವ ಗೋಜಿಗೇ ಹೋಗಲಿಲ್ಲ. ಅತ್ತೆ ಬಡಿಸುತ್ತಿದ್ದರು, ಇವಳು ತಲೆಯಾಡಿಸುತ್ತಿದ್ದಳು, ಊಟ ಮುಗಿದ ಮೇಲೆ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದಳು. ಅಷ್ಟು ಅಕ್ಕರೆಯಿಂದ ಬಡಿಸುವವರಿಗೆ ಬೇಡ ಎನ್ನಲು ಬಾಯಾದರೂ ಹೇಗೆ ಬಂದೀತು?

ಅತ್ತೆ ಕಾಲುಚೀಲದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವರು. ಸೊಸೆ ಓದಿದ್ದು ಸೂಕ್ಷ್ಮಜೀವಿಗಳ ವಿಷಯ. ಕೆಲಸ, ಅದೇ ಕ್ಯಾಂಟೀನಿನ ಹಿತ್ತಲಲ್ಲಿದ್ದ ಗ್ಯಾಸ್ ತೊಟ್ಟಿಯದು. ನೆಲದಲ್ಲಿ ಹೂತ ಸಿಮೆಂಟಿನ ತೊಟ್ಟಿ, ಅದರ ಮೇಲೆ ಬೋರಲು ಹಾಕಿದ ದೊಡ್ಡ ಕಬ್ಬಿಣದ ಡ್ರಮ್ಮು. ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಒಣಗಿದ ಬ್ರೆಡ್ಡು ಎಲ್ಲವನ್ನೂ ಅರೆದು, ನೀರು ಬೆರೆಸಿ, ಪಕ್ಕದ ಕೊಳವೆಗೆ ದಿನಕ್ಕೊಂದು ಬಕೆಟ್ ಸುರಿಯಬೇಕು. ಒಳಗೆ ಗ್ಯಾಸ್ ತುಂಬಿದಂತೆ ಡ್ರಮ್ಮು ಮೇಲಕ್ಕೇಳುತ್ತದೆ, ಖರ್ಚಾದಂತೆ ಕೆಳಗಿಳಿಯುತ್ತದೆ. ಡ್ರಮ್ಮು ಎದ್ದಿದೆಯೋ ಕೂತಿದೆಯೋ ಎಂಬುದನ್ನು ಸೊಸೆಯ ಮುಖ ನೋಡಿಯೇ ಹೇಳಬಹುದಿತ್ತು.

ಈಗ ಡ್ರಮ್ಮು ಕೂತುಬಿಟ್ಟಿತ್ತು. ಅದೂ ಎಂಥ ಸಮಯದಲ್ಲಿ! ತಿಂಗಳ ಕೊನೆಗೆ ಮ್ಯಾನೇಜರಮ್ಮ ಖುದ್ದಾಗಿ ಬರುವವರಿದ್ದರು. ಇಡೀ ಕಾರ್ಖಾನೆಯ ಬೆಳಗಿನ ಚಹಾ ತೊಟ್ಟಿಯ ಗ್ಯಾಸಿನಲ್ಲೇ ಕುದ್ದರೆ ತೊಟ್ಟಿ ಉಳಿಯುತ್ತದೆ. ಇಲ್ಲದಿದ್ದರೆ ಅದಕ್ಕೆ ಮಣ್ಣು ತುಂಬಿ, ಸೊಸೆಯನ್ನು ದೂರದೂರಿನ ಪ್ರಯೋಗಾಲಯಕ್ಕೆ ವರ್ಗ ಮಾಡುತ್ತಾರೆ. ಅವಳಿಗೆ ತೊಟ್ಟಿ ಬಿಟ್ಟು ಹೋಗಲು ಮನಸ್ಸಿರಲಿಲ್ಲ. ನಿಜ ಹೇಳಬೇಕೆಂದರೆ ಅತ್ತೆಯನ್ನು ಬಿಟ್ಟು ಹೋಗಲೂ ಮನಸ್ಸಿರಲಿಲ್ಲ. ಇಂಥ ಸೊಸೆಯರೂ ಇರುತ್ತಾರೆ, ನಂಬಬೇಕು.

ಅವಳು ತೊಟ್ಟಿಯ ನೀರಿಗೆ ಲಿಟ್ಮಸ್ ಕಾಗದ ಅದ್ದಿದಳು. ಕೆಂಪಗಾಯಿತು. ಮೂಗು ಹತ್ತಿರ ಒಯ್ದಳು. ಎಂದಿನ ಕೆಸರಿನ ವಾಸನೆ ಹೋಗಿ ಹುಳಿ ತೇಗಿನ ವಾಸನೆ ಬಂದಿತ್ತು. ಇದು ಅಜೀರ್ಣವೇ ಸರಿ. ಆದರೆ ದಿನಕ್ಕೊಂದು ಬಕೆಟ್ ತಿಂದು ಯಾರಿಗಾದರೂ ಅಜೀರ್ಣವಾಗುತ್ತದೆಯೇ?

ಉತ್ತರ ಮರುದಿನ ಮಧ್ಯಾಹ್ನ ಸಿಕ್ಕಿತು. ಪಾಳಿ ಬದಲಾಗಿ ಕ್ಯಾಂಟೀನು ಖಾಲಿಯಾದ ಹೊತ್ತಿನಲ್ಲಿ ಅವಳು ಹಿತ್ತಲಿಗೆ ಬಂದರೆ, ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೊಳವೆಗೆ ಪಾತ್ರೆಗಟ್ಟಲೆ ಆಲೂಗಡ್ಡೆ ಗೊಜ್ಜು ಸುರಿಯುತ್ತಿದ್ದರು. ಬಾಯಲ್ಲಿ ಉಪಚಾರ ಬೇರೆ.

“ತಿನ್ನಿ ಮಕ್ಕಳಾ, ನಾಚ್ಕೋಬೇಡಿ. ಚೆನ್ನಾಗಿ ತಿಂದು ನನ್ನ ಸೊಸೆ ಮಾನ ಉಳಿಸಿ.”

ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಅತ್ತೆ! ಏನ್ ಮಾಡ್ತಿದೀರಿ?”

“ಇನ್ನೇನು, ಪಾಪ ಹಸಿದಿದಾವೆ. ಡ್ರಮ್ಮು ಇಳೀತಾ ಬಂತಲ್ಲ, ಅದಕ್ಕೇ ಎರಡು ಹೊತ್ತೂ ಜಾಸ್ತಿ ಹಾಕ್ತಿದೀನಿ. ನಿನ್ನನ್ನೇ ಕೇಳಿದ್ದೆನಲ್ಲ, ‘ಇದಕ್ಕೂ ಸ್ವಲ್ಪ ಹಾಕಲಾ’ ಅಂತ. ನೀನು ಹೂಂ ಅಂದೆ.”

ಹೌದು, ಅಂದಿದ್ದಳು. ಊಟದ ಮಧ್ಯೆ ಕೇಳಿದ ಪ್ರಶ್ನೆ, ಎಂದಿನಂತೆ ತಲೆಯಾಡಿಸಿದ್ದಳು. ಆ ಮನೆಯ ‘ಸ್ವಲ್ಪ’ದ ಅಳತೆ ಗೊತ್ತಿದ್ದೂ ಆಡಿಸಿದ್ದಳು. ಇನ್ನು ಬೈಯುವುದು ಯಾರನ್ನು? ಅವಳು ಅತ್ತೆಯ ಕೈಯಿಂದ ಪಾತ್ರೆ ತೆಗೆದುಕೊಂಡು, ಅವರನ್ನು ತೊಟ್ಟಿಯ ಕಟ್ಟೆಯ ಮೇಲೆ ಕೂರಿಸಿದಳು.

“ಒಳಗೆ ಎರಡು ಪಂಗಡ ಇದೆ ಅತ್ತೆ. ಮೊದಲನೇದು ಬ್ಯಾಕ್ಟೀರಿಯಾ. ನಿಮ್ಮ ಅಡುಗೆಮನೇಲಿ ತರಕಾರಿ ಹೆಚ್ಚೋರಿದಾರಲ್ಲ, ಹಾಗೆ. ಕೊಟ್ಟಿದ್ದನ್ನೆಲ್ಲ ಚಕಚಕ ಅಂತ ಒಡೆದು ಹುಳಿ ಮಾಡಿ ಇಡ್ತಾವೆ. ಆ ಹುಳೀನ ತಿಂದು ಉರಿಯೋ ಗ್ಯಾಸ್ ಮಾಡೋರು ಬೇರೆ. ಅವರಿಗೆ ಆರ್ಕಿಯಾ ಅಂತಾರೆ.”

“ಅವೂ ಬ್ಯಾಕ್ಟೀರಿಯಾನೇ ತಾನೆ?”

“ನೋಡೋಕೆ ಹಾಗೇ, ಆದರೆ ವಂಶಾನೇ ಬೇರೆ. ನಾವು ಉಸಿರಾಡೋ ಆಮ್ಲಜನಕ ಗಾಳೀಲಿ ಸೇರೋ ಮುಂಚಿನ ಕಾಲದ ವಂಶ. ಇವಕ್ಕೆ ಇವತ್ತಿಗೂ ಅದು ಸೋಕಿದರೆ ಆಗಲ್ಲ. ಅದಕ್ಕೇ ಹಸುವಿನ ಹೊಟ್ಟೆ, ಕೆರೆ ಕೆಸರು, ಸಮುದ್ರದ ತಳ ಅಂತ ಮೂಲೆ ಹುಡುಕಿಕೊಂಡು ಕೂತಿದಾವೆ.”

“ಅಯ್ಯೋ, ಅಷ್ಟು ಹಿರಿಯರಾ!” ಅತ್ತೆ ತಮಗರಿವಿಲ್ಲದೆ ಕಟ್ಟೆಯಿಂದ ಅರ್ಧ ಎದ್ದರು.

“ಹಿರಿಯರು, ನಿಧಾನ. ಹೆಚ್ಚೋರು ಹತ್ತು ಜನ ಇದ್ದು, ಒಲೆ ಮುಂದೆ ನೀವೊಬ್ರೇ ಇದ್ದರೆ ಏನಾಗುತ್ತೆ?”

“ಹೆಚ್ಚಿದ್ದೆಲ್ಲ ರಾಶಿ ಬಿದ್ದು ಕೊಳೆಯುತ್ತೆ. ನನಗೆ ನಿಲ್ಲೋಕೂ ಜಾಗ ಇರಲ್ಲ.”

“ಅದೇ ಆಗಿರೋದು. ಹುಳಿ ರಾಶಿ ಬಿದ್ದಿದೆ. ಆರ್ಕಿಯಾಗಳು ಅದರಲ್ಲಿ ಮುಳುಗಿ ಕೈಕಟ್ಟಿ ಕೂತಿದಾವೆ.”

ಅತ್ತೆಯ ಮುಖ ಹುಳ್ಳಗಾಯಿತು. ಅತಿಯಾದರೆ ಅಮೃತವೂ ವಿಷ ಎಂದು ಎಲ್ಲರಿಗೂ ಗೊತ್ತು. ಆದರೆ ತಾನು ಬಡಿಸಿದ್ದೇ ವಿಷವಾಯಿತು ಎಂದು ಅಡುಗೆಯವರಿಗೆ ಹೇಳಿ ನೋಡಿ! “ನೀನು ಆ ಊರಿಗೆ ಹೋಗಬಾರದು ಅಂತ ಹಾಕಿದೆ ಕಣಮ್ಮಾ,” ಎಂದರು ಸಣ್ಣ ದನಿಯಲ್ಲಿ.

ಚಿಕಿತ್ಸೆ ಶುರುವಾಯಿತು. ಹುಳಿ ಮುರಿಯಲು ಅಡುಗೆ ಸೋಡಾ ಅಳೆದು ಅಳೆದು ಹಾಕಿದಳು. ಊರಾಚೆಯ ಹೈನುಮನೆಯ ಸಗಣಿ ಗ್ಯಾಸ್ ತೊಟ್ಟಿ ಚೆನ್ನಾಗಿ ನಡೆಯುತ್ತಿತ್ತು. ಅಲ್ಲಿಂದ ಬಿಗಿ ಮುಚ್ಚಳದ ಕ್ಯಾನುಗಳಲ್ಲಿ ಅಂಚಿನವರೆಗೆ ಬಗ್ಗಡದಂಥ ಕಪ್ಪು ನೀರು ತುಂಬಿಸಿ ತಂದು, ಗಾಳಿಯಾಡದಂತೆ ಕೊಳವೆ ಇಳಿಬಿಟ್ಟು ಬೆರೆಸಿದಳು. ಹೊಸ ಆರ್ಕಿಯಾಗಳು ಹೆಪ್ಪಿನಂತೆ ಸೇರಿಕೊಳ್ಳಲಿ ಎಂದು. ಉಳಿದಿದ್ದು ಒಂದೇ ಪಥ್ಯ: ಉಪವಾಸ.

ತೊಟ್ಟಿ ಉಪವಾಸವನ್ನು ಸಹಿಸಿತು, ಅತ್ತೆಗೆ ಆಗಲಿಲ್ಲ. ದಿನಕ್ಕೆ ನಾಲ್ಕಾರು ಸಲ ಹಿತ್ತಲಿಗೆ ಬಂದು ಡ್ರಮ್ಮನ್ನು ಸವರಿ ಹೋಗುತ್ತಿದ್ದರು. ಒಂದು ವಾರ ತುಟಿ ಕಚ್ಚಿಕೊಂಡಿದ್ದವರು ಒಂದು ಮಧ್ಯಾಹ್ನ ಬಟ್ಟಲು ಹಿಡಿದುಕೊಂಡೇ ಬಂದರು.

“ಬರೀ ಗಂಜಿ ಕಣೇ. ತೆಳ್ಳಗಿದೆ. ಹಿರಿಯ ಜೀವಗಳು, ಒಂದು ಗುಟುಕು...”

“ಬೇಡ ಅತ್ತೆ.”

ಮದುವೆಯಾಗಿ ಬಂದ ಮೇಲೆ ಅವಳು ಮೊದಲ ಸಲ ಹೇಳಿದ ‘ಬೇಡ’ ಅದು. ಅತ್ತೆ ಅವಳನ್ನೇ ನೋಡಿದರು, ಬಟ್ಟಲನ್ನು ನೋಡಿದರು, ತಿರುಗಿ ಹೋದರು. ಆ ಸಂಜೆ ಮನೆಯಲ್ಲಿ ಅತ್ತೆ ಅವಳ ತಟ್ಟೆಗೆ ಒಂದೇ ಸೌಟು ಬಡಿಸಿ ಪಾತ್ರೆ ಮುಚ್ಚಿಟ್ಟರು. ಬೇಕಾ ಎಂದು ಕೇಳಲೂ ಇಲ್ಲ. ಹೊಟ್ಟೆ ಹಗುರವಾಗಿತ್ತು, ಎದೆ ಭಾರವಾಗಿತ್ತು. ಅದಾದ ಮೇಲೆ ದಿನವೂ ಹಾಗೇ, ಒಂದೇ ಸೌಟು.

ಕೆಲವು ದಿನಗಳಲ್ಲಿ ಲಿಟ್ಮಸ್ ಕೆಂಪಗಾಗುವುದು ನಿಂತಿತು. ಡ್ರಮ್ಮು ಮೊದಲು ಒಂದು ಬೆರಳು ಎದ್ದಿತು. ಒಲೆ ಹಚ್ಚಿದರೆ ಪುಸಕ್ಕೆಂದು ಆರಿತು. ಗ್ಯಾಸಿನಲ್ಲಿ ಉರಿಯದ ಇಂಗಾಲದ ಡೈಆಕ್ಸೈಡೇ ಹೆಚ್ಚಿತ್ತು. ಸೊಸೆ ಎದೆಗುಂದದೆ ಮೊದಲು ಒಂದು ಲೋಟ, ಆಮೇಲೆ ಒಂದು ಚೊಂಬು, ಆಮೇಲೆ ಅರ್ಧ ಬಕೆಟ್ ಎಂದು ಉಣಿಸುತ್ತ ಬಂದಳು. ಡ್ರಮ್ಮು ಏರುತ್ತಲೇ ಹೋಯಿತು.

ಮ್ಯಾನೇಜರಮ್ಮ ಬಂದ ಬೆಳಿಗ್ಗೆ ಅತ್ತೆಯೇ ಕಡ್ಡಿ ಗೀರಿದರು. ಒಲೆ ಒಮ್ಮೆ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ಆಮೇಲೆ ಸುತ್ತಲೂ ನೀಲಿ ಜ್ವಾಲೆ ಎದ್ದು ಗಟ್ಟಿಯಾಗಿ ನಿಂತಿತು. ಕೊನೆಯ ಹಂಡೆ ಕುದಿಯುವವರೆಗೂ ಅದು ಅಲುಗಲಿಲ್ಲ. ಮ್ಯಾನೇಜರಮ್ಮ ಎರಡು ಲೋಟ ಚಹಾ ಕುಡಿದು, “ತೊಟ್ಟಿ ಇರಲಿ, ಇವಳೂ ಇರಲಿ,” ಎಂದು ಹೊರಟರು.

ಮಧ್ಯಾಹ್ನ ಖಾಲಿ ಕ್ಯಾಂಟೀನಿನಲ್ಲಿ ಇಬ್ಬರೇ ಊಟಕ್ಕೆ ಕೂತರು. ಅತ್ತೆ ಒಂದು ಸೌಟು ಬಡಿಸಿದರು. ಎರಡನೆಯದನ್ನು ತುಂಬಿ ಎತ್ತಿದವರು ಅಲ್ಲೇ ತಡೆದು ಹಿಡಿದರು. ಕೈಗೆ ಅಭ್ಯಾಸವಿಲ್ಲ, ಪಾಪ, ಸೌಟು ಓಲಾಡುತ್ತಿತ್ತು.

“ನಿನಗೆ ಬೇಕಾ? ನಿಜ ಹೇಳು. ನನಗೆ ಬೇಜಾರಿಲ್ಲ.”

ಅಲ್ಲಿಯವರೆಗೆ ಯಾರೂ ಸೊಸೆಗೆ ಆ ಪ್ರಶ್ನೆ ಕೇಳಿರಲಿಲ್ಲ. ಅವಳೂ ಉತ್ತರ ಹೇಳಿರಲಿಲ್ಲ. ಬೆಳಗಿನಿಂದ ಆತಂಕದಲ್ಲಿ ಏನೂ ತಿಂದಿರಲಿಲ್ಲ.

“ಹಾಕಿ ಅತ್ತೆ,” ಎಂದು ತಟ್ಟೆ ಮುಂದೆ ಮಾಡಿದಳು. “ಹೊಟ್ಟೆ ಚುರುಗುಟ್ತಿದೆ.”