ಬಿಚ್ಚಿಟ್ಟ ಕೇಬಲ್

ಲಾಂಡ್ರಿಯ ಹಳೇ ವ್ಯಾನು ಬರುತ್ತಿರುವುದು ಎರಡು ಬೀದಿ ಆಚೆಗೇ ಗೊತ್ತಾಗುತ್ತಿತ್ತು. ಹಾರ್ನಿನಿಂದಲ್ಲ, ಸ್ಪೀಡೋಮೀಟರಿನಿಂದ. ವೇಗ ಮೂವತ್ತು ದಾಟಿದರೆ ಸಾಕು, ಡ್ಯಾಶ್‌ಬೋರ್ಡಿನೊಳಗೆ ಕಿರ್ರೋ ಎಂದು ಶುರುವಾಗುತ್ತಿತ್ತು. ಮುಳ್ಳು ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. "ಒಳಗೆ ಹೆಗ್ಗಣ ಸಾಕಿದ್ದೀರಾ?" ಎಂದು ಹೋಟೆಲಿನ ಕಾವಲುಗಾರ ದಿನಾ ಅಕ್ಕನ ತಲೆ ತಿನ್ನುತ್ತಿದ್ದ.

ಅವಳು ಬೀದಿಗೆಲ್ಲ ಅಕ್ಕ, ನಿಜಕ್ಕೂ ಅಕ್ಕ ಒಬ್ಬಳಿಗೇ. ತಾಯಿ ಮನೆ ಬಿಟ್ಟು ಹೋದಾಗ ಇವಳಿಗೆ ಹದಿನೈದು, ತಂಗಿಗೆ ನಾಲ್ಕು. ಒಂದು ಚೀಟಿಯಿಲ್ಲ, ಒಂದು ಮಾತಿಲ್ಲ. ಅಪ್ಪ ಇಸ್ತ್ರಿಪೆಟ್ಟಿಗೆಯಿಂದ ತಲೆಯೆತ್ತುವ ಪೈಕಿಯೇ ಅಲ್ಲ. ಜಡೆ ಹಾಕಿದ್ದು, ಜ್ವರ ಬಂದಾಗ ಪಕ್ಕ ಕೂತಿದ್ದು, ಕೈ ಹಿಡಿದು ಅಕ್ಷರ ತಿದ್ದಿಸಿದ್ದು ಎಲ್ಲ ಅಕ್ಕನೇ. "ಅಮ್ಮ ನಮ್ಮ ಪಾಲಿಗಿಲ್ಲ" ಎಂದು ಅಪ್ಪ ತೀರಿಕೊಂಡ ವರ್ಷ ಅಕ್ಕತಂಗಿಯರಿಬ್ಬರೂ ಆಣೆ ಮಾಡಿಕೊಂಡಿದ್ದರು. ತಂಗಿ ಆ ಮಾತು ಮುರಿಯುತ್ತಾಳೆಂದು ಅಕ್ಕ ಕನಸಿನಲ್ಲೂ ಎಣಿಸಿರಲಿಲ್ಲ.

ವಾರವೆಲ್ಲ ವ್ಯಾನು ಓಡಿಸುವವಳು ಅಕ್ಕ. ಭಾನುವಾರ ಅದು ತಂಗಿಯದು. ಸೇತುವೆಯ ಹತ್ತಿರದ ಗೆಳತಿಯ ಮನೆಗೆ ಹೋಗಿ ಸಂಜೆಗೆ ಬರುತ್ತಿದ್ದಳು. ಆಯಿಲ್ ಬದಲಿಸುವ ದಿನ ತಪ್ಪಬಾರದೆಂದು ಅಕ್ಕ ಪ್ರತಿ ಶನಿವಾರ ರಾತ್ರಿ, ಸೋಮವಾರ ಬೆಳಿಗ್ಗೆ ಕಿಲೋಮೀಟರ್ ನೋಡಿ ಬಾಗಿಲ ಒಳಗಡೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಭಾನುವಾರದ ಓಡಾಟಕ್ಕೆ ಯಾವಾಗ ನೋಡಿದರೂ ಆರೇ ಹೆಚ್ಚಿರುತ್ತಿತ್ತು, ಗೆಳತಿಯ ಮನೆಗೆ ಹೋಗಿಬರುವಷ್ಟು. ಡೀಸೆಲ್ಲನ್ನೂ ತಂಗಿ ತಾನೇ ತುಂಬಿಸಿಕೊಂಡು ಬರುತ್ತಿದ್ದಳು. ಎಷ್ಟು ಒಳ್ಳೆಯ ಹುಡುಗಿ ಎಂದು ಅಕ್ಕ ಬೀಗಿದ್ದೇ ಬೀಗಿದ್ದು.

ಒಂದು ಮಧ್ಯಾಹ್ನ ಕಿರ್ರೋ ಸದ್ದು ತಾಳಲಾರದೆ ಅಕ್ಕ ಟಾರ್ಚು, ಇಕ್ಕಳ, ಗ್ರೀಸು ಹಿಡಿದು ಸ್ಟಿಯರಿಂಗ್ ಕೆಳಗೆ ಮಲಗಿದಳು. ಮೀಟರಿನ ಹಿಂದಿನ ನಟ್ಟು ಬಿಚ್ಚಿ, ಕೇಬಲ್ಲಿನ ಒಳತಂತಿ ಎಳೆದು ಒರೆಸಿ, ಗ್ರೀಸ್ ಹಚ್ಚಿ ಕೂರಿಸಿದರೆ ಆಯಿತು. ಹದಿನೆಂಟು ವರ್ಷದಿಂದ ಯಾರೂ ಮುಟ್ಟದ ನಟ್ಟು, ಮಿಸುಕಲಾರದು ಎಂದುಕೊಂಡಿದ್ದಳು. ಅದು ಎರಡು ಬೆರಳಿಗೇ ತಿರುಗಿತು. ಅದರ ಅಂಚು ಸವೆದು ಹೊಳೆಯುತ್ತಿತ್ತು. ತಂತಿಯ ತುದಿ ಸೊಟ್ಟಗಾಗಿತ್ತು.

ಟಾರ್ಚು ಮೇಲೆತ್ತಿದಳು. ವೈರುಗಳ ಗೊಂಚಲಿಗೆ ನೀಲಿ ಹೇರ್‌ಬ್ಯಾಂಡ್ ಸುತ್ತಿತ್ತು, ಬಿಚ್ಚಿದ ಕೇಬಲ್ ಕಾಲಿಗೆ ತಾಗದಂತೆ ಕಟ್ಟಿಡಲು. ಅದಕ್ಕೆ ಒಂದು ಉದ್ದನೆಯ ಕೂದಲು ಅಂಟಿತ್ತು. ಆ ಬ್ಯಾಂಡನ್ನು ತಂಗಿಗೆ ತಂದುಕೊಟ್ಟವಳು ಅಕ್ಕನೇ. ಕೇಬಲ್ ಬಿಚ್ಚಿಟ್ಟರೆ ವ್ಯಾನು ಎಷ್ಟು ಓಡಿದರೂ ಮೀಟರಿನಲ್ಲಿ ಕಿಲೋಮೀಟರ್ ಏರುವುದಿಲ್ಲ.

ಆದರೂ ಕೆಲಸ ಅರ್ಧಕ್ಕೆ ಬಿಡುವ ಜಾಯಮಾನ ಅವಳದಲ್ಲ. ತುದಿ ನೆಟ್ಟಗೆ ಮಾಡಿ, ಗ್ರೀಸ್ ಹಚ್ಚಿ, ನಟ್ಟನ್ನು ಇಕ್ಕಳದಿಂದ ಬಿಗಿದು ಒಂದು ಸುತ್ತು ಓಡಿಸಿ ಬಂದಳು. ಸದ್ದಿಲ್ಲ. ಖುಷಿಯೂ ಇಲ್ಲ.

ತಂಗಿ ಒಳಗೆ ಹೋಟೆಲಿನ ಬೆಡ್‌ಶೀಟ್ ಮಡಚುತ್ತಿದ್ದಳು. ಅಕ್ಕ ಬ್ಯಾಂಡನ್ನು ಅದರ ಮೇಲಿಟ್ಟಳು.

"ಎಷ್ಟು ದೂರ?"

ಸುಳ್ಳು ಹೇಳಲು ಬಾಯಿ ತೆರೆದ ತಂಗಿ ಹಾಗೇ ಮುಚ್ಚಿದಳು. "ಹೋಗಿ ಬರೋಕೆ ಎಂಬತ್ತು."

"ಯಾರಿದ್ದಾರೆ ಅಲ್ಲಿ?"

"ಅಮ್ಮ. ಎರಡು ವರ್ಷ ಆಯ್ತು. ಕಾಗದ ಬಂದಿತ್ತು ಅಕ್ಕ. ನಿನ್ನ ಕೈಗೆ ಸಿಕ್ಕಿದ್ರೆ ಹರಿದು ಹಾಕ್ತಿದ್ದೆ."

"ಹಾಕ್ತಿದ್ದೆ. ನನ್ನ ವಿಷಯ ಕೇಳಿದ್ಲಾ?"

ತಂಗಿ ತಲೆ ತಗ್ಗಿಸಿದಳು. "ಮೊದಲನೇ ದಿನಾನೇ. ದೊಡ್ಡವಳು ನನ್ನ ಕ್ಷಮಿಸಿದ್ಲಾ ಅಂತ. ಅವಳ ಮುಖ ನೋಡಿ ಹೂಂ ಅಂದ್ಬಿಟ್ಟೆ. ಆಮೇಲೆ ಹಿಂದಕ್ಕೆ ತಗೊಳ್ಳೋಕೆ ಆಗ್ಲಿಲ್ಲ. ನೀನೇ ಕಳಿಸಿದೆ ಅಂತ ನಿನ್ನ ಕಂದು ಶಾಲು ಕೊಟ್ಟೆ."

ಆ ಶಾಲಿಗಾಗಿ ಅಕ್ಕ ಮನೆಯನ್ನೆಲ್ಲ ಜಾಲಾಡಿದ್ದಳು. ತಂಗಿಯೂ ಮಂಚದ ಕೆಳಗೆಲ್ಲ ಬಗ್ಗಿ ಹುಡುಕಿದ್ದಳು.

ತಂಗಿ ಕದ್ದು ಹೋಗಿದ್ದನ್ನಾದರೂ ಅಕ್ಕ ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಕ್ಷಮಿಸುವುದೋ ಬಿಡುವುದೋ, ಆ ಒಂದು ಮಾತು ಅವಳದಾಗಿತ್ತು. ಇಪ್ಪತ್ತೆರಡು ವರ್ಷ ಯಾರಿಗೂ ಕೊಡದೆ ಇಟ್ಟುಕೊಂಡಿದ್ದಳು. ತಾನು ಸಾಕಿದ ಹುಡುಗಿಯೇ ಅದನ್ನು ಎತ್ತಿ ಕೊಟ್ಟು ಬಂದಿದ್ದಳು.

ವ್ಯಾನಿನ ಕೀಲಿಯನ್ನು ತಂಗಿಯ ಮುಂದಿಟ್ಟಳು. "ಭಾನುವಾರ ಹೋಗು. ಕೇಬಲ್ ಬಿಚ್ಚೋ ಕಷ್ಟ ಬೇಡ. ನಾನು ಕ್ಷಮಿಸಿಲ್ಲ ಅಂತ ಹೇಳಿ ಬಾ."

"ಅವಳು ತಡ್ಕೊಳ್ಳಲ್ಲ ಅಕ್ಕ."

"ನನಗೆ ಹದಿನೈದಿತ್ತು. ತಡ್ಕೊಳ್ಲಿಲ್ವಾ?"

ಸೋಮವಾರ ಬೆಳಿಗ್ಗೆ ಅಕ್ಕ ವ್ಯಾನಿನ ಬಾಗಿಲು ತೆರೆದಳು. ಎಂಬತ್ತು ಕಿಲೋಮೀಟರ್ ಹೆಚ್ಚಾಗಿತ್ತು. ಸೀಟಿನ ಮೇಲೆ ಕಂದು ಶಾಲು ಮಡಚಿಟ್ಟಿತ್ತು. ಎತ್ತಿಕೊಂಡರೆ ಅಮ್ಮನ ವಾಸನೆ. ಇಷ್ಟು ವರ್ಷವಾದರೂ ಅದರ ಗುರುತು ಹಿಡಿದ ತನ್ನ ಮೂಗಿನ ಮೇಲೂ ಅಕ್ಕನಿಗೆ ಸಿಟ್ಟು ಬಂತು.